ಪಹಣೀಲಿ ಇಲ್ಲದ ಜಮೀನು, ಗೂಗಲ್‌ನಲ್ಲಿ ಇಲ್ಲದ ಬೆಲ್ಲ

ಮೊನ್ನೆ ಸಂಜೆ ಪಕ್ಕದ ಗದ್ದೆಯ ಅಣ್ಣ ಆಲೆಮನೆ ಹತ್ರ ಬಂದ್ರು. ಕೊಪ್ಪರಿಗೆ ಇಳಿಸೋ ಹೊತ್ತು, ನಾನು ಪಾಕ ನೋಡ್ತಾ ನಿಂತಿದ್ದೆ. "ಲೋ, ಬೆಂಗ್ಳೂರಿಂದ ಯಾರೋ ಫೋನ್ ಮಾಡಿದ್ರು ಕಣೋ. ನಮ್ಮ ಕೊಬ್ಬರಿ ಎಣ್ಣೆಗೆ ವೆಬ್‌ಸೈಟ್ ಮಾಡ್ಕೊಟ್ಟು ಗೂಗಲ್‌ನಲ್ಲಿ ಮೊದಲನೇ ಜಾಗಕ್ಕೆ ತರ್ತಾರಂತೆ. ಇವತ್ತೇ ಅಡ್ವಾನ್ಸ್ ಹಾಕಿದ್ರೆ ರಿಯಾಯ್ತಿ ಅಂತೆ. ನೀನು ಮಾಡ್ಸಿದೀಯಲ್ಲ, ಹಾಕ್ಬುಡ್ಲಾ?" ಅಂದ್ರು.

ನನಗೆ ತಕ್ಷಣ ಬಾಯಿ ಬರಲಿಲ್ಲ. ಇದೇ ಥರದ ಮಾತು ನಂಬಿ ನಾನು ದುಡ್ಡು ಕಳ್ಕೊಂಡಿದ್ದು ಮನೆಯವರಿಗೆ ಬಿಟ್ರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳೋಕೆ ನಾಚಿಕೆ. ಆದ್ರೆ ನಾನು ಸುಮ್ಮನಿದ್ರೆ ಅವರ ದುಡ್ಡೂ ಹೋಗುತ್ತೆ. ಹಾಗಾಗಿ ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೀತಿದ್ದೀನಿ.

ನಮ್ಮ ಬೆಲ್ಲದ ವಿಷಯ ನಿಮಗೆ ಗೊತ್ತೇ ಇದೆ. ಹೈಡ್ರೋಸ್ ಹಾಕಲ್ಲ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೀತೀವಿ. ಬಣ್ಣ ಕಂದು. ಮಂಡ್ಯ ಮಾರುಕಟ್ಟೆಗೆ ಹಾಕಿದ್ರೆ ಹಳದಿ ಬೆಲ್ಲದ ಮುಂದೆ ಇದಕ್ಕೆ ರೇಟು ಬೀಳುತ್ತೆ. ನೇರವಾಗಿ ತಿನ್ನೋರಿಗೇ ಮಾರಬೇಕು ಅನ್ನೋ ಆಸೇಲಿ ಎರಡು ವರ್ಷದ ಹಿಂದೆ 15,000 ಕೊಟ್ಟು ವೆಬ್‌ಸೈಟ್ ಮಾಡಿಸಿದೆ. ನೋಡೋಕೆ ಚೆನ್ನಾಗಿತ್ತು. ಆಲೆಮನೆ ಫೋಟೋ, ಕಬ್ಬಿನ ಫೋಟೋ, ರೇಟಿನ ಪಟ್ಟಿ ಎಲ್ಲಾ ಇತ್ತು. ಆರು ತಿಂಗಳಾದ್ರೂ ಒಂದೇ ಒಂದು ಫೋನ್ ಬರಲಿಲ್ಲ.

ಆಮೇಲೆ ಬೇರೆ ಒಬ್ಬರ ಫೋನ್ ಬಂತು. ತಿಂಗಳಿಗೆ 4,000, ಮೂರು ತಿಂಗಳಲ್ಲಿ ನಂಬರ್ ಒನ್, ಗ್ಯಾರಂಟಿ ಅಂದ್ರು. ಹೆಂಡತಿ ಸಂಘದಲ್ಲಿ ಸಾಲ ತಂದಿದ್ದ ದುಡ್ಡಲ್ಲಿ 12,000 ಕೊಟ್ಟೆ. ಮೂರು ತಿಂಗಳಾದ ಮೇಲೆ ಅವರ ಹುಡುಗ ಬಂದು, ನನ್ನ ಫೋನ್ ಇಸ್ಕೊಂಡು ಮೇಲಿನ ಪಟ್ಟೀಲಿ ಏನೋ ಒತ್ತಿದ. ನಮ್ಮ ಸೈಟ್ ತೆರೀತು. "ನೋಡಿ ಸಾರ್, ಫಸ್ಟ್ ಬಂತು" ಅಂದ. ನಾನೂ ಖುಷಿಯಾದೆ. ಅವನು ಗೂಗಲ್‌ನಲ್ಲಿ ಹುಡುಕಿರಲಿಲ್ಲ. ವೆಬ್‌ಸೈಟಿನ ವಿಳಾಸವನ್ನೇ ನೇರವಾಗಿ ಹಾಕಿದ್ದ ಅಷ್ಟೆ. ನಮ್ಮ ಮನೆ ವಿಳಾಸ ಕೊಟ್ಟು ಆಟೋದವನನ್ನ ಕಳಿಸಿದ್ರೆ ಅವನು ನಮ್ಮ ಮನೆಗೇ ಬರ್ತಾನೆ, ಅದರಲ್ಲೇನು ಹೆಚ್ಚುಗಾರಿಕೆ? ಅವತ್ತು ಅದು ಹೊಳೀಲಿಲ್ಲ.

ಹೋದ ವರ್ಷ ದೀಪಾವಳಿಗೆ ಅಕ್ಕನ ಮಗಳು ಬಂದಿದ್ಲು. ಕಂಪ್ಯೂಟರ್ ಓದ್ತಿರೋ ಹುಡುಗಿ. ವಿಷಯ ಹೇಳಿದೆ. ಅವಳು ಗೂಗಲ್ ತೆಗೆದು, ಇಂಗ್ಲಿಷಲ್ಲಿ 'ಸೈಟ್' ಅಂತ ಬರೆದು, ಪಕ್ಕದಲ್ಲಿ ಕೋಲನ್ ಅಂತಾರಲ್ಲ ಆ ಎರಡು ಚುಕ್ಕಿ ಹಾಕಿ, ಜಾಗ ಬಿಡದೆ ನಮ್ಮ ವಿಳಾಸ ಬರೆದ್ಲು. ಒಂದೂ ಪುಟ ಬರಲಿಲ್ಲ. "ಮಾವ, ನಿಮ್ಮ ಸೈಟ್ ಗೂಗಲ್‌ನಲ್ಲಿ ಇಲ್ವೇ ಇಲ್ಲ. ಕೊನೇ ಜಾಗದಲ್ಲೂ ಇಲ್ಲ" ಅಂದ್ಲು.

"ಇಲ್ಲ ಅಂದ್ರೆ? ಇಲ್ಲೇ ಕಾಣ್ತೈತಲ್ಲ ಕಣವ್ವಾ?" ಅಂದೆ.

ಅವಳು ಹೇಳಿದ್ದು ಹೀಗೆ. ನಾವು ಏನಾದ್ರೂ ಟೈಪ್ ಮಾಡಿದಾಗ ಗೂಗಲ್ ಆ ಕ್ಷಣದಲ್ಲಿ ಪ್ರಪಂಚದ ವೆಬ್‌ಸೈಟೆಲ್ಲಾ ಸುತ್ತಿ ಹುಡುಕೋದಿಲ್ಲ. ಮೊದಲೇ ಸುತ್ತಿ ಬರೆದಿಟ್ಟುಕೊಂಡಿರೋ ಒಂದು ದೊಡ್ಡ ಪುಸ್ತಕ ಇರುತ್ತೆ. ಅದನ್ನ ಇಂಡೆಕ್ಸ್ ಅಂತಾರೆ. ಹುಡುಕೋದು ಆ ಪುಸ್ತಕದಲ್ಲಿ ಮಾತ್ರ. ನನಗೆ ತಕ್ಷಣ ಪಹಣಿ ನೆನಪಾಯ್ತು. ಅಜ್ಜನ ಕಾಲದಿಂದ ಉಳ್ತಿರೋ ಜಮೀನಾದ್ರೂ ಪಹಣೀಲಿ ಹೆಸರಿಲ್ಲ ಅಂದ್ರೆ ಬ್ಯಾಂಕಿನವನ ಲೆಕ್ಕದಲ್ಲಿ ಅದು ನಮ್ಮದಲ್ಲ. ಹಂಗೇ ಇದು.

ಆ ಪುಸ್ತಕ ಬರೆಯೋ ಕೆಲಸ ಹೆಂಗೆ ನಡೆಯುತ್ತೆ ಅಂದ್ರೆ, ಗೂಗಲ್‌ಬಾಟ್ ಅನ್ನೋ ಒಂದು ಪ್ರೋಗ್ರಾಮ್ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕ್ ಹಿಡ್ಕೊಂಡು ಹೋಗ್ತಾನೇ ಇರುತ್ತೆ. ಲಿಂಕು ಅಂದ್ರೆ ದಾರಿ. ಯಾವ ಕಡೆಯಿಂದಲೂ ದಾರಿ ಇಲ್ಲದ ಹೊಲಕ್ಕೆ ಗಾಡಿ ಹೋಗೋದು ಎಷ್ಟು ಕಷ್ಟ ಅಂತ ನಮಗೆ ಬೇರೆ ಯಾರೂ ಹೇಳ್ಕೊಡಬೇಕಿಲ್ಲ. ಹೋದ ಪುಟದಲ್ಲಿರೋ ಮಾತುಗಳನ್ನ ಓದುತ್ತೆ, ಯಾವ ಪದ ಯಾವ ಪುಟದಲ್ಲಿದೆ ಅಂತ ಬರ್ಕೊಳುತ್ತೆ. ಆಮೇಲೆ ಯಾರಾದ್ರೂ 'ಸಾವಯವ ಬೆಲ್ಲ' ಅಂತ ಕೇಳಿದಾಗ ಆ ಪದಕ್ಕೆ ಹೊಂದೋ ಪುಟಗಳನ್ನ ತೆಗೆದು, ಯಾವುದು ಮೇಲೆ ಯಾವುದು ಕೆಳಗೆ ಅಂತ ಜೋಡಿಸಿ ತೋರಿಸುತ್ತೆ. ಸುತ್ತೋದು, ಬರ್ಕೊಳೋದು, ಜೋಡಿಸೋದು. ಮೂರೇ ಕೆಲಸ.

ನಮ್ಮದು ಎರಡನೇ ಕೆಲಸದಲ್ಲೇ ನಿಂತುಹೋಗಿತ್ತು. ನಮ್ಮ ಸೈಟ್ ವರ್ಡ್‌ಪ್ರೆಸ್‌ನಲ್ಲಿ ಮಾಡಿದ್ದು. ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನೋ ಕಡೆ, 'ಸರ್ಚ್ ಎಂಜಿನ್‌ಗಳು ಈ ಸೈಟನ್ನ ಪುಸ್ತಕಕ್ಕೆ ಸೇರಿಸ್ಕೊಬೇಡಿ' ಅನ್ನೋ ಅರ್ಥದ ಒಂದು ಸಣ್ಣ ಚೌಕ ಇರುತ್ತೆ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟ ಯಾರಿಗೂ ಕಾಣಬಾರದು ಅಂತ ಅದಕ್ಕೆ ಟಿಕ್ ಹಾಕಿರ್ತಾರೆ, ಮುಗಿದ ಮೇಲೆ ತೆಗೀಬೇಕು. ತೆಗೆದಿರಲಿಲ್ಲ. ಅಂದ್ರೆ ಅಂಗಡಿ ತೆಗೆದು, ದೀಪ ಹಚ್ಚಿ, ಬಾಗಿಲಿಗೆ 'ಒಳಗೆ ಬರಬೇಡಿ' ಅಂತ ಬೋರ್ಡ್ ಹಾಕ್ಕೊಂಡು ಗಿರಾಕಿ ಬರಲಿಲ್ಲ ಅಂತ ಕೂತಿದ್ದೆ. ನಂಬರ್ ಒನ್ ಮಾಡ್ತೀನಿ ಅಂತ ದುಡ್ಡು ತಗೊಂಡೋರು ಆ ಬೋರ್ಡನ್ನ ನೋಡಿರಲೂ ಇಲ್ಲ.

ಅವರು ಮಾಡಿದ್ದು ಬೇರೆ. ಪುಟದ ಕೆಳಗೆ ಬಿಳೀ ಬಣ್ಣದ ಮೇಲೆ ಬಿಳೀ ಅಕ್ಷರದಲ್ಲಿ 'ಬೆಸ್ಟ್ ಬೆಲ್ಲ, ಬೆಸ್ಟ್ ಆರ್ಗ್ಯಾನಿಕ್ ಬೆಲ್ಲ ಬೆಂಗಳೂರು, ಬೆಸ್ಟ್ ಬೆಲ್ಲ ಮೈಸೂರು' ಅಂತ ಇಂಗ್ಲಿಷಲ್ಲಿ ನೂರಾರು ಸಲ ಬರೆದಿದ್ರು. ಜನಕ್ಕೆ ಕಾಣಲ್ಲ, ಯಂತ್ರಕ್ಕೆ ಕಾಣುತ್ತೆ ಅನ್ನೋ ಲೆಕ್ಕ. ಇದು ಬಹಳ ಹಳೇ ಮೋಸ. ಗೂಗಲ್ ಇದನ್ನ ಸ್ಪ್ಯಾಮ್ ಅಂತ ತನ್ನ ನಿಯಮದಲ್ಲೇ ಬರೆದಿದೆ. ಸಿಕ್ಕಿಬಿದ್ರೆ ಸೈಟ್ ಕೆಳಗಿಳಿಯುತ್ತೆ, ಪುಸ್ತಕದಿಂದಲೇ ಕಿತ್ತು ಹಾಕಿದ್ರೂ ಹಾಕಬಹುದು. ಬೆಲ್ಲಕ್ಕೆ ಹೈಡ್ರೋಸ್ ಬೇಡ ಅಂತ ಇಷ್ಟೆಲ್ಲಾ ಒದ್ದಾಡಿದ ನಾನು, ವೆಬ್‌ಸೈಟಿಗೆ ದುಡ್ಡು ಕೊಟ್ಟು ಹೈಡ್ರೋಸ್ ಹಾಕಿಸಿದ್ದೆ.

ಹಾಗಾದ್ರೆ ಯಾರನ್ನ ಮೇಲೆ ಹಾಕುತ್ತೆ? ಇದನ್ನೂ ಕೇಳಿದೆ. ಗೂಗಲ್ ಶುರು ಮಾಡಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇಬ್ಬರೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದೋರು. 1998ರಲ್ಲಿ ಕಂಪನಿ ಮಾಡಿದ್ರು. ಅವರ ಉಪಾಯಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರು. ಒಂದು ಪುಟಕ್ಕೆ ಬೇರೆಯವರು ಲಿಂಕ್ ಕೊಟ್ಟಿದ್ರೆ ಅದು ಒಂದು ಓಟು ಇದ್ದಂಗೆ. ಆದ್ರೆ ಎಲ್ಲಾ ಓಟಿಗೂ ಒಂದೇ ತೂಕ ಅಲ್ಲ. ತಾನೇ ಹೆಚ್ಚು ಓಟು ಪಡೆದ ಪುಟ ಹಾಕಿದ ಓಟಿಗೆ ತೂಕ ಜಾಸ್ತಿ. ದಾರೀಲಿ ಹೋಗೋನು 'ಬೆಲ್ಲ ಚೆನ್ನಾಗಿದೆ' ಅನ್ನೋದಕ್ಕೂ, ನಲವತ್ತು ವರ್ಷ ಬೆಲ್ಲ ಬೇಯಿಸಿದ ಅಜ್ಜ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ, ಹಂಗೆ. ಈಗ ಅದರ ಜೊತೆ ಇನ್ನೂ ಎಷ್ಟೋ ಲೆಕ್ಕ ಸೇರಿದೆ. ಕೇಳಿದ ಮಾತಿಗೆ ಪುಟದಲ್ಲಿ ನಿಜವಾಗಿ ಉತ್ತರ ಇದೆಯಾ, ಮೊಬೈಲ್‌ನಲ್ಲಿ ಸರಿಯಾಗಿ ತೆರೀತದಾ, ಕೇಳ್ತಿರೋನು ಯಾವ ಊರಲ್ಲಿದ್ದಾನೆ, ಇವೆಲ್ಲಾ.

ಮುಖ್ಯ ವಿಷಯ ಇದು: ಆ ಸಾಲಲ್ಲಿ ಜಾಗ ದುಡ್ಡಿಗೆ ಸಿಗಲ್ಲ. ದುಡ್ಡಿಗೆ ಸಿಗೋದು ಜಾಹೀರಾತು. ಅದರ ತಲೆ ಮೇಲೆ 'ಪ್ರಾಯೋಜಿತ' ಅಂತಲೋ 'ಸ್ಪಾನ್ಸರ್ಡ್' ಅಂತಲೋ ಬರೆದಿರುತ್ತೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತೆ. ಮೊದಲನೇ ಸ್ಥಾನ ಗ್ಯಾರಂಟಿ ಅಂತ ಯಾರೂ ಹೇಳೋಕಾಗಲ್ಲ ಅಂತ ಗೂಗಲ್‌ನವರೇ ತಮ್ಮ ಸೂಚನೆಗಳಲ್ಲಿ ಬರೆದಿದ್ದಾರೆ. ನನ್ನ ಹೆಂಡತಿ ಇವತ್ತಿಗೂ "ಆ ಗೂಗಲ್‌ನೋರಿಗೆ ಕೊಟ್ಟ ದುಡ್ಡು" ಅಂತಾಳೆ. ಗೂಗಲ್‌ಗೆ ಅದರಲ್ಲಿ ಒಂದು ರೂಪಾಯೂ ಹೋಗಿಲ್ಲ ಅಂತ ಅವಳಿಗೆ ಹೇಳೋಕೆ ನನಗೆ ಇನ್ನೂ ಧೈರ್ಯ ಬಂದಿಲ್ಲ.

ಅವತ್ತು ರಾತ್ರಿ ಅಕ್ಕನ ಮಗಳು ಮಾಡಿದ್ದಿಷ್ಟು. ಆ ಟಿಕ್ ತೆಗೆದ್ಲು. ಬಿಳೀ ಅಕ್ಷರ ಅಳಿಸಿದ್ಲು. ಸರ್ಚ್ ಕನ್ಸೋಲ್ ಅಂತ ಗೂಗಲ್‌ದೇ ಒಂದು ಬಿಟ್ಟಿ ಸೌಕರ್ಯ ಇದೆ, ಅದರಲ್ಲಿ ನನ್ನ ಇಮೇಲ್ ಹಾಕಿ ಸೈಟ್ ಸೇರಿಸಿ, 'ಬಂದು ನೋಡಿ' ಅಂತ ಅರ್ಜಿ ಹಾಕಿದ್ಲು. ರೇಟಿನ ಪಟ್ಟಿ ಫೋಟೋ ಆಗಿತ್ತು. ಫೋಟೋ ಒಳಗಿನ ಅಕ್ಷರ ನಂಬ್ಕೊಂಡು ಕೂರಬಾರದು ಅಂತ ಅದನ್ನ ಟೈಪ್ ಮಾಡಿ ಹಾಕಿದ್ಲು.

ಇನ್ನೊಂದು ವಿಷಯ ಕನ್ನಡದೋರು ನಾವು ತಿಳ್ಕೊಬೇಕಾದ್ದು. ನಮ್ಮ ಬೆಲ್ಲದ ವಿವರ ಡಿಟಿಪಿ ಅಂಗಡೀಲಿ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದು. ಅದನ್ನೇ ಸೈಟಿಗೆ ಅಂಟಿಸಿದ್ರು. ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಮಾತ್ರ ಅದು ಕನ್ನಡ. ಒಳಗಡೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್ ಓದೋದು ಆ ಕಲಸುಮೇಲೋಗರವನ್ನ. ನೀವು 'ಬೆಲ್ಲ' ಅಂತ ಹುಡುಕಿದ್ರೆ ಅದಕ್ಕೆ ಬೆಲ್ಲ ಅಲ್ಲಿ ಇದೆ ಅಂತಲೇ ಗೊತ್ತಾಗಲ್ಲ. ಯೂನಿಕೋಡ್‌ನಲ್ಲಿ ಬರೆದಿರಬೇಕು. ಫೋನ್‌ನಲ್ಲಿ ನಾವು ವಾಟ್ಸಾಪ್‌ಗೆ ಟೈಪ್ ಮಾಡ್ತೀವಲ್ಲ, ಅದು ಯೂನಿಕೋಡ್. ಹಂಗಾಗಿ ನಾನೇ ಕೂತು ಫೋನ್‌ನಲ್ಲಿ ಎಲ್ಲಾ ಮತ್ತೆ ಟೈಪ್ ಮಾಡಿದೆ.

ಹತ್ತು ಹನ್ನೆರಡು ದಿನಕ್ಕೆ ಸೈಟ್ ಪುಸ್ತಕಕ್ಕೆ ಸೇರ್ತು. ಮೊದಲನೇ ಜಾಗ ಏನೂ ಬರಲಿಲ್ಲ. ಬರೀ 'ಬೆಲ್ಲ' ಅಂತ ಹುಡುಕಿದ್ರೆ ಇವತ್ತಿಗೂ ನಮ್ಮದು ಎಲ್ಲೋ ಹಿಂದೆ. ಆದ್ರೆ ಯಾರು ಏನು ಟೈಪ್ ಮಾಡಿ ನಮ್ಮ ಪುಟ ಕಂಡ್ರು ಅಂತ ಸರ್ಚ್ ಕನ್ಸೋಲ್‌ನಲ್ಲಿ ಗೊತ್ತಾಗುತ್ತೆ. ಅದು ನೋಡಿ ನನಗೆ ಕಣ್ಣು ತೆರೀತು. ಜನ 'ಅತ್ಯುತ್ತಮ ಬೆಲ್ಲ' ಅಂತ ಹುಡುಕ್ತಿರಲಿಲ್ಲ. 'ಬೆಲ್ಲ ಯಾಕೆ ಕಪ್ಪಗಿರುತ್ತೆ', 'ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತೆ ಏನ್ಮಾಡೋದು' ಅಂತ ಹುಡುಕ್ತಿದ್ರು. ಕೆಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಈ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಉತ್ತರ ಯಾರಿಗೆ ಗೊತ್ತು? ಒಂದೊಂದಕ್ಕೂ ಒಂದೊಂದು ಪುಟ ಬರೆದೆ, ಆಲೆಮನೇಲಿ ಕೇಳಿದ್ರೆ ಹೆಂಗೆ ಹೇಳ್ತೀನೋ ಹಂಗೆ. ಈ ಸಂಕ್ರಾಂತಿಗೆ ಗೂಗಲ್‌ನಲ್ಲಿ ನೋಡಿ ಬಂದ ಆರ್ಡರ್ ಹದಿನಾಲ್ಕು. ಜಾಸ್ತಿ ಅಲ್ಲ. ಆದ್ರೆ ಹದಿನಾಲ್ಕೂ ಜನ ಕಂದು ಬೆಲ್ಲವೇ ಬೇಕು ಅಂತ ಕೇಳಿ ತಗೊಂಡೋರು. ಒಬ್ಬರೂ ಬಣ್ಣದ ವಿಷಯಕ್ಕೆ ಚೌಕಾಸಿ ಮಾಡಲಿಲ್ಲ.

ಇದೂ ಪೂರ್ತಿ ನಂಬಿಕೆಯ ಬೆಳೆ ಅಲ್ಲ. ಈಗೀಗ ಗೂಗಲ್‌ನಲ್ಲಿ ಪ್ರಶ್ನೆ ಕೇಳಿದ್ರೆ ಮೇಲ್ಗಡೆ ಯಂತ್ರವೇ ಉತ್ತರ ಬರೆದು ಕೊಡೋದು ಜಾಸ್ತಿ ಆಗಿದೆ. ನಾವು ಬರೆದಂಥದ್ದನ್ನ ಓದಿಯೇ ಅದು ಉತ್ತರ ಹೇಳುತ್ತೆ, ಓದೋನು ನಮ್ಮ ಪುಟಕ್ಕೆ ಬರದೇ ಹೋಗಬಹುದು. ನಾಳೆ ಅವರು ಜೋಡಿಸೋ ಲೆಕ್ಕ ಬದಲಾಯಿಸಿದ್ರೆ ನಾವು ಕೇಳೋ ಹಂಗಿಲ್ಲ. ಮಳೆ ಥರ, ನಮ್ಮ ಕೈಲಿಲ್ಲ. ಅದಕ್ಕೇ ಒಂದು ಸಲ ಬಂದ ಗಿರಾಕಿಯ ಫೋನ್ ನಂಬರ್ ಪುಸ್ತಕದಲ್ಲಿ ಬರೆದಿಡ್ತೀನಿ. ಮುಂದಿನ ಸಲ ಅವರಿಗೂ ನನಗೂ ಮಧ್ಯ ಗೂಗಲ್ ಬೇಕಾಗಿಲ್ಲ.

ಪಕ್ಕದ ಗದ್ದೆ ಅಣ್ಣನಿಗೆ ಇಷ್ಟೂ ಹೇಳಿದೆ. ಫೋನ್ ಮಾಡಿದೋರಿಗೆ ಮೂರು ಮಾತು ಕೇಳಿ ಅಂದೆ. ಒಂದು, ವೆಬ್‌ಸೈಟಿನ ವಿಳಾಸ ಮತ್ತು ಸರ್ಚ್ ಕನ್ಸೋಲ್ ನನ್ನ ಇಮೇಲ್‌ನಲ್ಲೇ ಇರುತ್ತಾ? ಎರಡು, ನೀವು ನನ್ನ ಪುಟದಲ್ಲಿ ಏನೇನು ಬದಲಾಯಿಸ್ತೀರಿ, ಬರೆದು ಕೊಡ್ತೀರಾ? ಮೂರು, ನನ್ನ ಹೆಸರು ಹಾಕದೆ, ನನ್ನ ಫೋನೂ ಅಲ್ಲದೆ, ಬೇರೆ ಊರಲ್ಲಿರೋ ನನ್ನ ನೆಂಟರ ಫೋನ್‌ನಲ್ಲಿ ಹುಡುಕಿ ತೋರಿಸ್ತೀರಾ? ಅವರು ಅಲ್ಲೇ ಸ್ಪೀಕರ್ ಹಾಕಿ ಫೋನ್ ಮಾಡಿದ್ರು. ಎರಡನೇ ಪ್ರಶ್ನೆಗೇ ಆ ಕಡೆಯೋರು "ಮ್ಯಾನೇಜರ್ ಹತ್ರ ಕೇಳಿ ಹೇಳ್ತೀನಿ" ಅಂತ ಇಟ್ರು. ಮತ್ತೆ ಫೋನ್ ಬಂದಿಲ್ಲ.

ವೆಬ್‌ಸೈಟ್ ಇರೋರು ಇವತ್ತೇ ಆ ಎರಡು ಚುಕ್ಕಿ ಹಾಕಿ ನಿಮ್ಮ ವಿಳಾಸ ಹುಡುಕಿ ನೋಡಿ. ಒಂದೂ ಪುಟ ಬರಲಿಲ್ಲ ಅಂದ್ರೆ ಯಾರಿಗೂ ದುಡ್ಡು ಹಾಕೋ ಮೊದಲು ಆಲೆಮನೆ ಕಡೆ ಬನ್ನಿ. ಸಂಜೆ ಐದರ ಮೇಲೆ ಇರ್ತೀನಿ. ಬಿಸಿ ಬೆಲ್ಲ ಇರುತ್ತೆ, ಕೂತು ನೋಡೋಣ.