ದೋಣಿಗೂ ದಡಕ್ಕೂ ನಡುವೆ ಒಂದು ಹೆಜ್ಜೆ

ಅರಸೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರದಲ್ಲಂತೂ ಸಮುದ್ರವೇ ಇದೆ. ಆದರೆ ಈ ತೆಂಗಿನ ಸೀಮೆಯಲ್ಲಿ ಎಲ್ಲ ಮಕ್ಕಳಿಗೂ ನೀರಿನ ಪರಿಚಯವಿಲ್ಲ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿರುತ್ತದೆ. ತುಂಬಿದ ವರ್ಷ ‘ಅತ್ತ ಸುಳಿದೀಯ, ಜೋಕೆ’ ಎಂದು ಹಿರಿಯರು ಗದರುತ್ತಾರೆ. ಹೀಗೆ ಬೆಳೆದ ಹುಡುಗನೋ ಹುಡುಗಿಯೋ ಪ್ರವಾಸ ಹೋದಾಗ ಯಗಚಿಯಂಥ ಜಲಾಶಯದ ಅಂಚಿನಲ್ಲಿ ಮೊದಲ ಬಾರಿಗೆ ಕಯಾಕ್ ಕಂಡರೆ, ಕಾಲು ತಾನಾಗಿ ಮುಂದಾಗುತ್ತದೆ.

ಕಯಾಕ್ ಎಂದರೆ ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರ ಬೇಟೆಯ ದೋಣಿ. ಅವರು ಹಂದರಕ್ಕೆ ಸೀಲ್ ಚರ್ಮ ಹೊದಿಸುತ್ತಿದ್ದರು. ನಮ್ಮವರು ಬಿದಿರ ಹೆಣಿಗೆಗೆ ಚರ್ಮ ಹೊದಿಸಿ ಹರಿಗೋಲು ಮಾಡಿದರು. ಹರಿಗೋಲು ದುಂಡಗೆ, ಕಯಾಕ್ ನೀಳ ಹಾಗೂ ಕಿರಿದು. ಎರಡರಲ್ಲೂ ಹತ್ತುವ, ಇಳಿಯುವ ಗಳಿಗೆಯೇ ನಾಜೂಕಿನದು.

ಕಾರಣ ಪಠ್ಯಪುಸ್ತಕದಲ್ಲೇ ಇದೆ: ನ್ಯೂಟನ್ನನ ಮೂರನೆಯ ನಿಯಮ. 40 ಕಿಲೋ ತೂಕದ ಬಾಲಕ 20 ಕಿಲೋ ದೋಣಿಯಿಂದ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ದಡಕ್ಕೆ ನೆಗೆದರೆ, ನೀರಿನ ತಡೆಯನ್ನು ಲೆಕ್ಕಿಸದಿದ್ದಲ್ಲಿ, ದೋಣಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಎರಡು ಅಂಕ. ನೀರಿನಲ್ಲಿ ಅದಕ್ಕೆ ಪ್ರಾಣದ ಬೆಲೆ. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯಲ್ಲಿಟ್ಟು ನಿಂತವನ ಕೆಳಗೆ ಅಂತರ ಅಗಲವಾಗುತ್ತಲೇ ಹೋಗುತ್ತದೆ. ಎದ್ದು ನಿಂತರೆ ಗುರುತ್ವಕೇಂದ್ರವೂ ಮೇಲೇರಿ, ಸ್ವಲ್ಪ ವಾಲಿದರೂ ದೋಣಿ ಮಗುಚುತ್ತದೆ.

ಆದ್ದರಿಂದ ಕಟ್ಟೆಗೆ ಬರುವ ಮೊದಲೇ ಜೀವರಕ್ಷಕ ಜಾಕೆಟ್ಟಿನ ಕೊಂಡಿಗಳನ್ನು ಬಿಗಿಯಬೇಕು. ನೀರಿನ ಮಟ್ಟಕ್ಕೆ ಹತ್ತಿರವಿರುವ ಕಟ್ಟೆಯನ್ನೇ ಆರಿಸಬೇಕು. ದೋಣಿಯನ್ನು ಅದಕ್ಕೆ ಒತ್ತಾಗಿ, ಸಮಾನಾಂತರವಾಗಿ ನಿಲ್ಲಿಸಿ, ಒಬ್ಬರು ಭದ್ರವಾಗಿ ಹಿಡಿದಿರಬೇಕು. ಹುಟ್ಟು ಕೈಗೆಟಕುವಂತಿರಲಿ. ಹತ್ತುವವರು ಮೊದಲು ಕಟ್ಟೆಯ ಅಂಚಿನಲ್ಲಿ ಕುಳಿತು, ಎರಡೂ ಪಾದಗಳನ್ನು ದೋಣಿಯ ನಟ್ಟನಡುವೆ ಊರಬೇಕು. ಕೈಗಳನ್ನು ಕಟ್ಟೆಯ ಮೇಲಿಟ್ಟು, ದೋಣಿಯ ಮುಂಭಾಗದ ಕಡೆ ಹೊರಳಿ, ಬಾಗಿದಂತೆಯೇ ಆಸನಕ್ಕೆ ಇಳಿಯಬೇಕು. ಪೂರ್ತಿ ಕುಳಿತ ಮೇಲಷ್ಟೇ ಕಟ್ಟೆಯನ್ನು ಬಿಡಬೇಕು.

ಇಳಿಯುವಾಗ ಇದೇ ಪಾಠ ತಿರುಗುಮುರುಗು. ದೋಣಿ ಕಟ್ಟೆಗೆ ತಾಗಿದ ಮೇಲೆ ಎರಡೂ ಕೈ ಕಟ್ಟೆಗೆ. ಮಂಡಿ ಮಡಚಿ, ಪಾದ ನಡುವಿನಲ್ಲೇ ಇರಿಸಿ, ಮೊದಲು ಸೊಂಟ ಕಟ್ಟೆ ಏರಲಿ. ಕಾಲು ಬರುವುದು ಕೊನೆಗೆ. ‘ಬಂದೇಬಿಟ್ಟೆವಲ್ಲ’ ಎಂಬ ಆತುರದಲ್ಲಿ ನೆಗೆಯುವುದು ಬೇಡ. ಕಟ್ಟೆ ಬಹಳ ಎತ್ತರವಿದ್ದರೆ ಇಳಿಜಾರು ದಡವೇ ಮೇಲು.

2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಗಣೇಶನನ್ನು ಬಿಡಲು ಹೋದವರ ತೆಪ್ಪ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ನೀರುಪಾಲಾದರು. ಅಂದು ತೆಪ್ಪದಲ್ಲಿ ಮಿತಿಮೀರಿ ಜನರಿದ್ದರು. ಅಂಥ ಸುದ್ದಿ ಓದಿದ ತಾಯ್ತಂದೆಯರು ಮಕ್ಕಳನ್ನು ನೀರಿನಿಂದ ದೂರವಿಡುವುದು ಸಹಜ. ಆದರೆ ಬರೀ ಭಯ ಯಾರನ್ನೂ ತೇಲಿಸದು. ಈಜು ಕಲಿಸಿ, ಜಾಕೆಟ್ ತೊಡಿಸಿ, ತೂಕ ಎಲ್ಲಿಡಬೇಕೆಂದು ಹೇಳಿಕೊಟ್ಟ ಮಗು ನೀರಿಗೆ ಹೆದರುವುದೂ ಇಲ್ಲ, ನೀರನ್ನು ಹಗುರವಾಗಿ ಕಾಣುವುದೂ ಇಲ್ಲ.