ಕೊಡಗಿನ ಅತಿಥಿಗಳು

ಕುಶಾಲನಗರವನ್ನು ದಾಟಿ ರಸ್ತೆ ಏರತೊಡಗಿದೊಡನೆ ಗಾಳಿ ತಂಪಾಗುತ್ತದೆ. ಇಕ್ಕೆಲಗಳಲ್ಲಿಯೂ ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು, ಆ ಮರಗಳನ್ನೇ ತಬ್ಬಿ ಹಬ್ಬಿದ ಕರಿಮೆಣಸಿನ ಬಳ್ಳಿಗಳು. ಕೊಡಗು ಪುಟ್ಟ ನಾಡು. 2011ರ ಜನಗಣತಿಯಂತೆ ಇಲ್ಲಿರುವವರು ಸುಮಾರು ಐದೂವರೆ ಲಕ್ಷ ಜನ. ಕರ್ನಾಟಕದ ಜಿಲ್ಲೆಗಳಲ್ಲಿ ಅತ್ಯಂತ ಕಡಿಮೆ. ಆದರೂ ಶನಿವಾರ ಬಂದಿತೆಂದರೆ ಮಡಿಕೇರಿಯ ಇಕ್ಕಟ್ಟಾದ ಬೀದಿಗಳಲ್ಲಿ ಕಾರುಗಳ ಸಾಲು ಮುಗಿಯುವುದೇ ಇಲ್ಲ.

ಈ ಅತಿಥಿಗಳ ಹಿಂದೆ ಕಾಫಿಯ ಕಥೆಯೊಂದುಂಟು. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ 1989ರಲ್ಲಿ ಮುರಿದುಬಿದ್ದಿತು. ಬಳಿಕ ವಿಯೆಟ್ನಾಮಿನ ರೊಬಸ್ಟಾ ಮಾರುಕಟ್ಟೆಯನ್ನು ತುಂಬಿತು. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ನಾಡಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಆಗ ಹಲವು ಬೆಳೆಗಾರರು ಮನೆಯ ಬರಿದಾದ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಹೀಗೆ ಹಬ್ಬಿತು ಹೋಂ ಸ್ಟೇ. ಕಡಂಬುಟ್ಟು, ಪಂದಿಕರಿ ಬಡಿಸಿದ ಗೃಹಿಣಿಯ ಕೈಗೆ ನೇರವಾಗಿ ಹಣ ಬಂದಿತು. ಕಾಫಿಯ ಹಣ ವರ್ಷಕ್ಕೊಮ್ಮೆ ಬರುವುದು. ಅತಿಥಿಯ ಹಣ ವಾರವಾರವೂ ಬರುವುದು.

ಆದರೆ ಬಂದ ಹಣವೆಲ್ಲ ಒಂದೇ ಬಗೆಯದಲ್ಲ. ಹೋಂ ಸ್ಟೇಯಲ್ಲಿ ಕೊಟ್ಟ ರೂಪಾಯಿ ಊರಿನ ಅಂಗಡಿಗೆ, ಜೀಪಿನ ಚಾಲಕನಿಗೆ, ಜೇನು ಮಾರುವವನಿಗೆ ಸುತ್ತಿಬರುತ್ತದೆ. ಹೊರಗಿನವರ ದೊಡ್ಡ ರೆಸಾರ್ಟಿನಲ್ಲಿ ಕೊಟ್ಟ ರೂಪಾಯಿ ಊರಿಗೆ ಸಂಬಳವನ್ನಷ್ಟೇ ಬಿಟ್ಟು, ಲಾಭವನ್ನು ಹೊತ್ತು ಘಟ್ಟವಿಳಿಯುತ್ತದೆ. ಜಮೀನಿಗೆ ಬೆಳೆಯ ಲೆಕ್ಕದಲ್ಲಿ ಅಲ್ಲದೆ ಕಣ್ಣಿಗೆ ಕಾಣುವ ನೋಟದ ಲೆಕ್ಕದಲ್ಲಿ ಬೆಲೆ ಕಟ್ಟತೊಡಗಿದರೆ, ಪಕ್ಕದ ಎಕರೆಯನ್ನು ಕೊಂಡು ಬೇಸಾಯ ಮಾಡುವುದು ರೈತನ ಮಗನಿಗೆ ಎಟುಕದ ಮಾತು. ಮಾರುವ ಆಸೆ ಮಾತ್ರ ಪ್ರತಿ ಬಾಗಿಲನ್ನೂ ತಟ್ಟುತ್ತದೆ. ಮಳೆಯ ನೀರನ್ನು ಹಿಡಿದು ನೆಲಕ್ಕೆ ಇಂಗಿಸುವ ಭತ್ತದ ಗದ್ದೆ ಕಟ್ಟಡವಾಯಿತೆಂದರೆ ಮತ್ತೆ ಗದ್ದೆಯಾಗದು.

2018ರ ಆಗಸ್ಟಿನಲ್ಲಿ ಮಕ್ಕಂದೂರು ಮೊದಲಾದೆಡೆ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಪ್ರವಾಸಿಗಳು ಬರಬಾರದೆಂದು ಜಿಲ್ಲಾಡಳಿತವೇ ತಡೆಯಬೇಕಾಯಿತು. 2020ರಲ್ಲಿ ಸಾಂಕ್ರಾಮಿಕ ರೋಗ ಕೋಣೆಗಳನ್ನು ಮತ್ತೆ ಬರಿದು ಮಾಡಿತು. ಕೋಣೆಯೊಡನೆ ತೋಟವೂ ಇದ್ದವನಿಗೆ ಆಗ ಒಂದು ಆಸರೆ ಉಳಿದಿತ್ತು. ಸಾಲ ಮಾಡಿ ಕೋಣೆಗಳನ್ನಷ್ಟೇ ಕಟ್ಟಿದವನಿಗೆ ಕಂತುಗಳು ಉಳಿದವು.

ಕಾಲಚಕ್ರ ತಿರುಗಿ 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಅತಿಥಿಗಳ ಹಣದಿಂದ ಕಷ್ಟದ ವರ್ಷಗಳನ್ನು ಕಳೆದು ತೋಟವನ್ನು ಉಳಿಸಿಕೊಂಡವರು ಅದರ ಫಲವನ್ನುಂಡರು. ಮಾರಿದವರು ದೂರದಿಂದ ನೋಡಿದರು. ಪ್ರವಾಸೋದ್ಯಮ ಈ ನಾಡಿಗೆ ಮಾಡಬಹುದಾದ ಉಪಕಾರವೂ ಅದರ ಮಿತಿಯೂ ಇಷ್ಟರಲ್ಲಿಯೇ ಇವೆ: ಅದು ತೋಟಕ್ಕೆ ಊರುಗೋಲಾಗಬೇಕು, ತೋಟವನ್ನೇ ನುಂಗಬಾರದು.

ತಲಕಾವೇರಿಯಲ್ಲಿ ಹುಟ್ಟಿದ ನೀರು ಬೆಂಗಳೂರಿನ ಕೊಡಗಳನ್ನೂ ತುಂಬುತ್ತದೆ. ಆ ಬೆಟ್ಟಗಳಲ್ಲಿ ಎರಡು ದಿನ ತಂಗಿ ಬರುವ ಕುಟುಂಬ ಯಾರ ಮನೆಯಲ್ಲಿ ಉಣ್ಣುವುದೆಂಬುದು ಅದಕ್ಕೆ ಸಣ್ಣ ಪ್ರಶ್ನೆ. ಕೊಡಗಿಗೆ ಮಾತ್ರ ಸಣ್ಣದಲ್ಲ.