ತಪ್ಪಿದ ಚೆಂಡು ಎಲ್ಲಿ ಬಿತ್ತು? (ಭಾಗ 4)

ಮೊದಲನೇ ಫೋಟೋದಾಗ ಕಾಣೋದು ನಮ್ಮ ಮನಿ ಹಳೇ ಟವೆಲ್. ನಾಲ್ಕು ಮೂಲಿಗೂ ಮೊಳೆ ಹೊಡೆದು ಪಿಚ್ ಮ್ಯಾಲೆ ಕೂಡಿಸಿದ್ದು. ಈ ಸರಣಿ ಮೊದಲಿಂದ ಓದಿದವರಿಗೆ ಗೊತ್ತು, ನಾನು ದಿನಾ ವಿಜಯಪುರದಿಂದ ತಿಕೋಟಾಕ್ಕೆ ಬಸ್ಸಿಗೆ ಹೋಗಿ ಪಾಠ ಮಾಡ್ತೀನಿ, ಸಂಜೆ ಹುಡುಗಿಯರಿಗೆ ಕ್ರಿಕೆಟ್ ಹೇಳಿಕೊಡ್ತೀನಿ. ಹೊಸಬರು ಇಷ್ಟು ತಿಳ್ಕೊಂಡ್ರ ಸಾಕು.

ಎರಡನೇ ಫೋಟೋ ನನ್ನ ನೋಟ್‌ಬುಕ್. ಒಬ್ಬೊಬ್ಬರಿಗೆ 60 ಚೆಂಡು. ಟವೆಲ್ ಮ್ಯಾಲೆ ಬಿದ್ದದ್ದು ಎಷ್ಟು ಅಂತ ಬರೀತಿದ್ದೆ. ಒಬ್ಬಳದು 38. ಇನ್ನೊಬ್ಬಳದು 31. ಇಬ್ಬರೂ ಎಡಗೈ ಸ್ಪಿನ್ನರ್, ತಂಡದಾಗ ಜಾಗ ಒಂದೇ. 31ರ ಹುಡುಗಿಗೆ ಎಲ್ಲರ ಮುಂದೆ ಹೇಳಿಬಿಟ್ಟೆ: "ನಿನ್ನ ಕೈ ಇನ್ನೂ ಕೂತಿಲ್ಲ, ಈ ಸಲ ಬ್ಯಾಡ." ಅವಳು ತಲಿ ಬಗ್ಗಿಸಿ ಚೆಂಡು ಚೀಲದಾಗ ಹಾಕಿದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ರಜೆ ಬೇರೆ ಶುರುವಾಗಿತ್ತು. ಬಬಲೇಶ್ವರದ ಅಜ್ಜಿ ಮನಿಗೆ ಹೋದಳಂತ ಅವಳ ಗೆಳತಿ ಹೇಳಿದಳು.

ನನಗೆ ಆಗ ಪಶ್ಚಾತ್ತಾಪ ಏನೂ ಆಗಿರಲಿಲ್ಲ, ಸುಳ್ಳು ಯಾಕ ಹೇಳಲಿ. ಅಂಕಿ ನನ್ನ ಕಡೆಗಿತ್ತಲ್ಲ.

ಆ ವಾರ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್ ತಿರುವುವಾಗ ರಗ್ಬಿ ವಿಡಿಯೋ ಬಂತು. ನಮ್ಮ ಕಡೆ ರಗ್ಬಿ ಯಾರು ನೋಡ್ತಾರ ಅಂತೀರಿ? ನಾನೂ ನೋಡಿದವಳಲ್ಲ. ಆದರೆ ಒಬ್ಬ ಮನುಷ್ಯ ಚೆಂಡು ನೆಲಕ್ಕಿಟ್ಟು, ನಾಲ್ಕು ಹೆಜ್ಜೆ ಹಿಂದ ಸರಿದು, ಸುಮ್ಮನೆ ನಿಂತು ಕಂಬ ನೋಡ್ತಿದ್ದ. ಕ್ರೀಡಾಂಗಣ ಎಲ್ಲಾ ಅವನನ್ನೇ ನೋಡ್ತಿತ್ತು. ಆ ನಿಲುವು ನನ್ನನ್ನ ಹಿಡೀತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ರಗ್ಬಿಯಲ್ಲಿ ಎರಡು ಕಂಬಗಳ ನಡುವೆ 5.6 ಮೀಟರ್ ಅಂತರ, 3 ಮೀಟರ್ ಎತ್ತರಕ್ಕೆ ಒಂದು ಅಡ್ಡಪಟ್ಟಿ. ಚೆಂಡು ಆ ಪಟ್ಟಿ ಮೇಲಿಂದ, ಕಂಬಗಳ ನಡುವಿನಿಂದ ಹೋಗಬೇಕು. ಪೆನಾಲ್ಟಿ ಕಿಕ್ ಒಳಗೆ ಹೋದರೆ 3 ಅಂಕ. ಟ್ರೈ ಹೊಡೆದ ಮೇಲೆ ಸಿಗೋ ಕನ್ವರ್ಷನ್ ಕಿಕ್ಕಿಗೆ 2. ಕನ್ವರ್ಷನ್ ಒದೆಯೋ ಜಾಗ ಕಿಕ್ಕರ್ ಕೈಯಲ್ಲಿಲ್ಲ: ಟ್ರೈ ಎಲ್ಲಿ ಆಯಿತೋ ಅದರ ನೇರಕ್ಕೇ ಹಿಂದೆ ಬಂದು ಒದೀಬೇಕು. ಗೆಳೆಯ ಮೂಲೆಯಲ್ಲಿ ಟ್ರೈ ಹೊಡೆದರೆ ಇವನೂ ಅಂಚಿನಿಂದಲೇ ಒದೀಬೇಕು, ಅಲ್ಲಿಂದ ನೋಡಿದರೆ ಆ ಎರಡು ಕಂಬ ಒಂದಕ್ಕೊಂದು ಅಂಟಿಕೊಂಡಂತೆ ಕಾಣ್ತಾವ. ಆದರೆ ಶೇಕಡಾ ಲೆಕ್ಕದಾಗ ಕಂಬದ ಎದುರಿನ ಸುಲಭದ ಕಿಕ್ಕೂ ಒಂದೇ, ಅಂಚಿನ ಕಿಕ್ಕೂ ಒಂದೇ. ಅಂದರೆ 75 ಶೇಕಡಾ ಇದ್ದವನು 85 ಇದ್ದವನಿಗಿಂತ ಒಳ್ಳೆ ಕಿಕ್ಕರ್ ಆಗಿರಬಹುದು.

ಇಷ್ಟು ಓದಿದ ಕೂಡಲೇ ನೋಟ್‌ಬುಕ್ಕಿನ 31 ನೆನಪಾಯಿತು. ಆದರೂ ಮನಸ್ಸು ಒಪ್ಪಲಿಲ್ಲ. ನಮ್ಮ ಟವೆಲ್ ಎಲ್ಲರಿಗೂ ಅದೇ ಜಾಗದಲ್ಲೇ ಇತ್ತಲ್ಲ.

2023ರ ವಿಶ್ವಕಪ್ಪಿನ ಕತೆ ಹುಡುಕಿ ನೋಡಿದೆ. ಸೆಪ್ಟೆಂಬರ್ 23ರಂದು ದಕ್ಷಿಣ ಆಫ್ರಿಕಾ ಐರ್ಲೆಂಡ್ ವಿರುದ್ಧ 13–8ರಿಂದ ಸೋತಿತು. ಮಾನಿ ಲಿಬ್ಬಾಕ್, ಫಾಫ್ ಡಿ ಕ್ಲರ್ಕ್ ಇಬ್ಬರೂ ಸೇರಿ ಒದ್ದು ತಪ್ಪಿಸಿದ ಕಿಕ್ಕುಗಳದ್ದೇ 11 ಅಂಕ. ಹಾಂಡ್ರೆ ಪೊಲಾರ್ಡ್ ಅನ್ನೋ ಹಳೇ ಕಿಕ್ಕರ್ ಮೀನಖಂಡದ ಗಾಯದಿಂದ ಮೊದಲ ಪಟ್ಟಿಯಲ್ಲೇ ಇರಲಿಲ್ಲ. ಬೇರೊಬ್ಬ ಆಟಗಾರ ಮೊಣಕಾಲು ಕೆಡಿಸಿಕೊಂಡಾಗ ಅವನನ್ನ ಕರೆಸಿದರು. ಇಂಗ್ಲೆಂಡ್ ವಿರುದ್ಧ ಸೆಮಿಫೈನಲ್ಲಿನಲ್ಲಿ, ಮಳೆಯೊಳಗೆ, ಆಟ ಮುಗಿಯೋಕೆ ಎರಡು ಮೂರು ನಿಮಿಷ ಇರುವಾಗ ಸುಮಾರು 49 ಮೀಟರಿನಿಂದ ಒದ್ದ. 16–15. ಅಕ್ಟೋಬರ್ 28ರ ಫೈನಲ್ಲಿನಲ್ಲಿ ನ್ಯೂಜಿಲೆಂಡ್ ವಿರುದ್ಧ 12–11. ಆ 12ಕ್ಕೆ 12 ಅವನ ನಾಲ್ಕು ಪೆನಾಲ್ಟಿಗಳೇ.

ಲಿಬ್ಬಾಕ್ ಏನಾದ? 2024ರ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಕೊನೇ ಗಳಿಗೆಯ ಪೆನಾಲ್ಟಿ ಮತ್ತೆ ತಪ್ಪಿಸಿದ, ತಂಡ 29–28ರಿಂದ ಸೋತಿತು. ಆದರೂ ಅವರು ಅವನನ್ನ ಮನಿಗೆ ಕಳಿಸಲಿಲ್ಲ. 2025ರಲ್ಲೂ ಆ ಹಸಿರು ಜರ್ಸಿಯಲ್ಲಿ ಆಡಿದ. ಪೊಲಾರ್ಡ್ ಕತೆ ಎಲ್ಲರಿಗೂ ಇಷ್ಟ ಆಗ್ತದ. ನನಗೆ ಆ ರಾತ್ರಿ ಕಾಡಿದ್ದು ಲಿಬ್ಬಾಕ್.

ಅಷ್ಟು ದೂರ ಯಾಕ ಹೋಗ್ಬೇಕು, ನಮ್ಮ ಊರಿನ ರಾಜೇಶ್ವರಿ ಗಾಯಕವಾಡ ಇದ್ದಾರಲ್ಲ. ಎಡಗೈ ಸ್ಪಿನ್ನರ್, ವಿಜಯಪುರದವರೇ. 2017ರ ವಿಶ್ವಕಪ್ಪಿನಲ್ಲಿ ಮೊದಲ ಪಂದ್ಯಗಳೆಲ್ಲಾ ಬೆಂಚಿನ ಮೇಲೆ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ, ಗೆದ್ದರೆ ಸೆಮಿಫೈನಲ್ ಅನ್ನೋ ಪಂದ್ಯ, ಅವರನ್ನ ಮೊದಲ ಸಲ ಇಳಿಸಿದರು. ಮಿಥಾಲಿ ರಾಜ್ 109, ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70. ಆಮೇಲೆ ರಾಜೇಶ್ವರಿ: 7.3 ಓವರ್, 15 ರನ್, 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಆ ದಿನದವರೆಗೆ ಟೂರ್ನಿಯಲ್ಲಿ ಅವರ ಹೆಸರಿನ ಮುಂದೆ ಒಂದು ಅಂಕಿಯೂ ಇರಲಿಲ್ಲ. ಫಾರ್ಮ್ ಇದೆಯೋ ಇಲ್ಲವೋ ಅಂತ ಯಾವ ಪಟ್ಟಿ ನೋಡಿ ಹೇಳ್ತೀರಿ? ನೆಟ್ಸಿನಲ್ಲಿ ಅವರ ಚೆಂಡು ಎಲ್ಲಿ ಬೀಳ್ತಿದೆ ಅಂತ ಯಾರೋ ದಿನಾ ಕಣ್ಣಿಟ್ಟು ನೋಡಿರಬೇಕು ಅಂತ ನನಗನ್ನಿಸ್ತದ.

ಎಂಟೇ ದಿನಕ್ಕೆ ಲಾರ್ಡ್ಸ್ ಫೈನಲ್. ಅಲ್ಲಿ ಭಾರತದ ಕೊನೇ ವಿಕೆಟ್ ಕೂಡ ಅವರದ್ದೇ, ಶ್ರಬ್‌ಸೋಲ್ ಚೆಂಡಿಗೆ ಸೊನ್ನೆಗೆ ಬೌಲ್ಡ್, 9 ರನ್ನಿನ ಸೋಲು. ಊರಿಗೆ ಬಂದಾಗ ಕಾರು ಕೊಡ್ತೀವಿ ಅಂದರೆ, ನಮಗೆ ಬೇಕಿರೋದು ಮನಿ ಅಂದರು ಅಂತ ಪೇಪರ್‌ನಾಗ ಬಂದಿತ್ತು. ಆ ಮಾತು ಓದಿದಾಗಿಂದ ನನಗೆ ಅವರ ಮ್ಯಾಲೆ ಒಂದು ಕೈ ಹೆಚ್ಚೇ ಪ್ರೀತಿ.

ಬೆಳಗಾಗೋದರೊಳಗೆ ಎದ್ದು ನೋಟ್‌ಬುಕ್ ತೆಗೆದೆ. ಹಿಟ್ ಬರೆದಿದ್ದೆ, ಮಿಸ್ ಎಲ್ಲಿ ಬಿತ್ತು ಅಂತ ಒಂದು ಸಲವೂ ಬರೆದಿರಲಿಲ್ಲ. ಪುಣ್ಯಕ್ಕೆ ಮೊಬೈಲ್‌ನಾಗ ವಿಡಿಯೋ ಇದ್ದವು. ಕೂತು ಒಂದೊಂದೇ ಚೆಂಡು ಎಣಿಸಿದೆ. 38ರ ಹುಡುಗಿಯ 22 ಮಿಸ್ ಎಲ್ಲಾ ಕಡೆ ಚೆಲ್ಲಿದ್ದವು: ಒಂದು ಶಾರ್ಟ್, ಒಂದು ಫುಲ್‌ಟಾಸ್, ಒಂದು ಆಫ್ ಆಚೆ. 31ರ ಹುಡುಗಿಯ 29 ಮಿಸ್‌ನಾಗ 24 ಒಂದೇ ಜಾಗಕ್ಕೆ ಬಿದ್ದಿದ್ದವು. ಲೆಂಗ್ತ್ ಸರಿ, ಗೇಣು ಒಂದೂವರೆಯಷ್ಟು ಲೆಗ್ ಕಡೆ. ಪ್ರತಿ ಸಲ ಅಲ್ಲೇ.

ನಿಮಗೆ ಅರ್ಥ ಆಯ್ತಲ್ಲ? ಕೈ ಕೂತಿಲ್ಲ ಅಂದಿದ್ದೆ. ಕೈ ಎಲ್ಲರಿಗಿಂತ ಗಟ್ಟಿಯಾಗಿ ಕೂತಿತ್ತು, ಬರೀ ಒಂದೂವರೆ ಗೇಣು ಪಕ್ಕಕ್ಕ ಕೂತಿತ್ತು.

ವಿಡಿಯೋ ನಿಧಾನ ಮಾಡಿ ನೋಡಿದೆ. ಅವಳ ಬೂಟು ಅಣ್ಣನದು. ಎರಡು ಸೈಜ್ ದೊಡ್ಡದು. ಮುಂದಿನ ಬಲಗಾಲು ಊರಿದಾಗ ಬೂಟಿನೊಳಗೆ ಪಾದ ಜಾರಿ, ಮೈ ಬೇಗ ತಿರುಗಿ, ಚೆಂಡು ಲೆಗ್ ಕಡೆ ಎಳೆದುಕೊಂಡು ಹೋಗ್ತಿತ್ತು. ಎರಡು ತಿಂಗಳು ದಿನಾ ಸಂಜೆ ಆ ಬೂಟು ನನ್ನ ಕಣ್ಣ ಮುಂದೇ ಇತ್ತು.

ಭಾನುವಾರ ಜಮಖಂಡಿ ಬಸ್ ಹತ್ತಿ ಬಬಲೇಶ್ವರದಾಗ ಇಳಿದೆ. ಮನಿ ಕೇಳ್ಕೊಂತ ಹೋದೆ. ಅಜ್ಜಿ ಕಟ್ಟೆ ಮ್ಯಾಲೆ ಜೋಳ ಹಸನ ಮಾಡಾಕತ್ತಿದ್ದಳು. "ಬರ್ರಿ ಅಕ್ಕೋರ, ಕುಂಡ್ರಿ" ಅಂದಳು. ನೀರು ಕೊಟ್ಟಳು. ಆಮ್ಯಾಲೆ ಕೈ ನಿಲ್ಲಿಸದೇ, "ಹುಡುಗಿ ರಾತ್ರಿ ಉಣವಲ್ದಾಗ್ಯಾಳ್ರೀ. ನೀವು ಏನಂದ್ರಿ ಅಕಿಗಿ?" ಅಂತ ಕೇಳಿದಳು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚಲೋ ಇತ್ತು.

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಮೊಬೈಲ್ ತೋರಿಸಿದೆ. ಸುಮ್ಮನೆ ನೋಡಿದಳು. ಮೂರನೇ ಚೆಂಡಿಗೆ ತಾನೇ ಅಂದಳು, "ಬೂಟ್ ಜಾರ್ತೈತ್ರಿ ಟೀಚರ್. ನನಗ ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಮನ್ಯಾಗ ಹೊಸಾದು ಕೊಡಸ್ರಿ ಅಂತೀರಂತ."

ಅದಕ್ಕೆ ನನ್ನ ಹತ್ರ ಮಾತಿರಲಿಲ್ಲ. ನಂದು ತಪ್ಪಾತವ್ವ ಅಂದೆ. ಎಲ್ಲರ ಮುಂದೆ ಅಂದ ಮಾತು, ಎಲ್ಲರ ಮುಂದೆನೇ ವಾಪಸ್ ತಗೋತೀನಿ ಅಂತಲೂ ಅಂದೆ. ಸೋಮವಾರ ಸಂಜೆ ತಗೊಂಡೆ.

ಬೂಟು ಹೊಸದಲ್ಲ, ವಿಜಯಪುರದಾಗ ನನ್ನ ಅಕ್ಕನ ಮಗಳಿಗೆ ಸಣ್ಣದಾದದ್ದು. ಸರಿಯಾಗಿ ಕೂತಿದೆ. ಮೊದಲ ದಿನ 60ಕ್ಕೆ 29 ಬಂತು, ಮೊದಲಿಗಿಂತ ಕಡಿಮೆ! ಮೈ ಆ ಜಾರಿಕೆಗೇ ಒಗ್ಗಿಹೋಗಿತ್ತು, ಈಗ ಚೆಂಡು ಆಫ್ ಕಡೆ ಹೋಗ್ತಿದೆ. ನಿನ್ನೆ 36. ಈಗ ನೋಟ್‌ಬುಕ್ಕಿನಲ್ಲಿ ಟವೆಲ್ ಚಿತ್ರ ಬರೆದು ತಪ್ಪಿದ ಚೆಂಡಿಗೆಲ್ಲಾ ಚುಕ್ಕಿ ಇಡ್ತೀನಿ, ಕೊನೇ ಫೋಟೋ ಅದೇ.

ಇನ್ನೊಂದು ಸಂಕಟ ಉಳಿದಿದೆ. 38ರ ಹುಡುಗಿಗೆ ಜಾಗ ನಿಂದೇ ಅಂತ ಆಗಲೇ ಹೇಳಿಬಿಟ್ಟೀನಿ. ಅವಳೂ ಏನೂ ತಪ್ಪು ಮಾಡಿಲ್ಲ. ನಿನ್ನೆ ಅವಳೇ ಬಂದು ತನ್ನ ಚುಕ್ಕಿಗಳನ್ನ ತೋರಿಸ್ರಿ ಅಂದಳು, ಬಾಳ ಹೊತ್ತು ನೋಡಿದಳು. ಶನಿವಾರ ಪಟ್ಟಿ ಕಳಿಸಬೇಕು. ಇವತ್ತು ಗುರುವಾರ. ನೀವಾಗಿದ್ರ ಯಾರ ಹೆಸರು ಬರೀತಿದ್ರಿ, ಕೆಳಗ ಹೇಳ್ರಿ. ನಾನು ಓದ್ತೀನಿ.

#ವಿಜಯಪುರ #ತಿಕೋಟಾ #ಬಬಲೇಶ್ವರ #ಸಂಜೆಯಆಟ